ಏಳು ವರ್ಷ ಬಲೆ ಬೀಸದ ನದಿ

2024ರ ಏಪ್ರಿಲ್ 1ರಂದು ಅಮೆರಿಕದ ಅಲಾಸ್ಕಾ ರಾಜ್ಯ ಮತ್ತು ಕೆನಡಾದ ಮೀನುಗಾರಿಕೆ ಇಲಾಖೆಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಯೂಕಾನ್ ನದಿಯ ಮೇಲ್ಭಾಗದಲ್ಲಿ, ಅಂದರೆ ಕೆನಡಾದ ಕಡೆ ಹುಟ್ಟುವ ಚಿನೂಕ್ ಸಾಲ್ಮನ್ ಮೀನನ್ನು ಏಳು ವರ್ಷ ಹಿಡಿಯುವಂತಿಲ್ಲ. ಮಾರಲು ಬೇಡ, ಮೋಜಿಗೆ ಬೇಡ, ಮನೆಯ ಊಟಕ್ಕೂ ಬೇಡ. ಪೂಜೆ, ಆಚರಣೆಗೆ ಅಂತ ಒಂದಿಷ್ಟು ವಿನಾಯಿತಿ ಇದೆ, ಅಷ್ಟೇ.

ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಎರಡು ತಿಂಗಳು, 61 ದಿನ ಟ್ರಾಲ್ ಬೋಟುಗಳು ದಡದಲ್ಲಿ ನಿಲ್ಲುತ್ತವೆ. ಅಷ್ಟಕ್ಕೇ ಮೀನಿನ ಪೇಟೆಯಲ್ಲಿ ದರ ಏರುತ್ತದೆ, ಮನೆಗಳಲ್ಲಿ ಒಣಮೀನಿನ ಡಬ್ಬಿ ಹೊರಗೆ ಬರುತ್ತದೆ. ಯೂಕಾನ್ ದಡದವರಿಗೆ ಒಣಮೀನೂ ಇಲ್ಲ. ಒಣಗಿಸುವ ಮೀನನ್ನೇ ಹಿಡಿಯಬೇಡಿ ಅಂದಿದ್ದಾರಲ್ಲ!

ಏಳೇ ವರ್ಷ ಯಾಕೆ? ಚಿನೂಕ್‌ನ ಒಂದು ಸುತ್ತು ಬದುಕಿಗೆ ಹೆಚ್ಚು ಕಡಿಮೆ ಅಷ್ಟು ಕಾಲ ಬೇಕು. ಮೊಟ್ಟೆ, ಮರಿ, ಕಡಲು, ಮತ್ತೆ ನದಿ. ಒಂದು ತಲೆಮಾರಿನ ಮೀನನ್ನು ಪೂರ್ತಿ ಬಿಟ್ಟು ನೋಡೋಣ ಅನ್ನುವುದು ಲೆಕ್ಕ. ಈ ಲೆಕ್ಕ ಎಲ್ಲಿ ಸರಿ, ಎಲ್ಲಿ ತಪ್ಪುತ್ತದೆ ಅಂತ ತಿಳಿಯಬೇಕಾದರೆ ಮೊದಲು ಆ ನದಿಯನ್ನು ಸ್ವಲ್ಪ ನೋಡಬೇಕು.

ಅರಬ್ಬಿ ಸಮುದ್ರದ ಹತ್ತಿರವೇ ಹುಟ್ಟಿ, ಅದಕ್ಕೆ ಬೆನ್ನು ಹಾಕಿ ಬಂಗಾಳ ಕೊಲ್ಲಿಯ ತನಕ ಹೋಗುವ ಕಾವೇರಿ ನಮಗೆ ಗೊತ್ತು. ಯೂಕಾನ್‌ದೂ ಇದೇ ಜಾಯಮಾನ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಮತ್ತು ಅಲಾಸ್ಕಾ ನಡುವಿನ ಬೆಟ್ಟಸಾಲಿನಲ್ಲಿ ಅದರ ಮೂಲ. ಅಲ್ಲಿನ ಕೆಲವು ತೊರೆಗಳಿಂದ ಪೆಸಿಫಿಕ್ ಸಾಗರದ ಉಪ್ಪುನೀರಿಗೆ 30 ಕಿಲೋಮೀಟರ್ ಕೂಡ ಇಲ್ಲ. ಆದರೆ ನೀರು ಹರಿಯುವುದು ಆ ಕಡೆ ಅಲ್ಲ. ಉತ್ತರಕ್ಕೆ ಹೋಗಿ, ಕೆನಡಾದ ಯೂಕಾನ್ ಪ್ರಾಂತ್ಯ ದಾಟಿ, ಆರ್ಕ್ಟಿಕ್ ವೃತ್ತವನ್ನು ಮುಟ್ಟಿ, ಅಲ್ಲಿಂದ ಪಶ್ಚಿಮಕ್ಕೆ ತಿರುಗಿ, ಇಡೀ ಅಲಾಸ್ಕಾವನ್ನು ಸೀಳಿಕೊಂಡು ಬೇರಿಂಗ್ ಸಮುದ್ರ ಸೇರುತ್ತದೆ. ಒಟ್ಟು ಸುಮಾರು 3,190 ಕಿಲೋಮೀಟರ್. ಕಾವೇರಿಯ ನಾಲ್ಕರಷ್ಟು ಉದ್ದ. ಅದಕ್ಕೆ ನೀರು ಬಂದು ಸೇರುವ ಸೀಮೆ ಸುಮಾರು 8.5 ಲಕ್ಷ ಚದರ ಕಿಲೋಮೀಟರ್. ನಾಲ್ಕು ಕರ್ನಾಟಕ ಇಟ್ಟರೂ ಇನ್ನಷ್ಟು ಜಾಗ ಉಳಿಯುತ್ತದೆ.

ಇಷ್ಟು ದೊಡ್ಡ ನದಿಗೆ ವಾಹನ ದಾಟುವ ಸೇತುವೆಗಳು ನಾಲ್ಕೇ ನಾಲ್ಕು. ಕೆನಡಾದಲ್ಲಿ ಮೂರು, ಅಲಾಸ್ಕಾದಲ್ಲಿ ಒಂದು. ದಡದ ಬಹುಪಾಲು ಹಳ್ಳಿಗಳಿಗೆ ರಸ್ತೆಯೇ ಇಲ್ಲ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಸ್ನೋಮೊಬೈಲ್, ಇಲ್ಲವೇ ಸಣ್ಣ ವಿಮಾನ. ಒಂದು ಮೂಟೆ ಅಕ್ಕಿಯೋ ಕೋಳಿಯೋ ಬರಬೇಕಾದರೂ ವಿಮಾನದಲ್ಲೇ ಬರಬೇಕು. ಹಾಗಾಗಿ ಅಲ್ಲಿ ಮೀನು ಅಂದರೆ ನಾಲಿಗೆ ಚಪಲ ಅಲ್ಲ, ವರ್ಷದ ದಿನಸಿ.

ಹವೆಯ ಮಾತು ಹೇಳಿದರೆ ನಂಬುವುದು ಕಷ್ಟ. ಉತ್ತರ ಅಮೆರಿಕ ಖಂಡದ ನೆಲದ ಮೇಲೆ ದಾಖಲಾದ ಅತಿ ಹೆಚ್ಚಿನ ಚಳಿ, ಮೈನಸ್ 63 ಡಿಗ್ರಿ, ಇದೇ ನದಿಸೀಮೆಯ ಸ್ನ್ಯಾಗ್ ಎಂಬಲ್ಲಿ 1947ರ ಫೆಬ್ರವರಿಯಲ್ಲಿ ಬಿದ್ದದ್ದು. ಅಲಾಸ್ಕಾದ ಅತಿ ಹೆಚ್ಚಿನ ಬಿಸಿಲು, 37.8 ಡಿಗ್ರಿ, ಇದೇ ನದಿಯ ದಡದ ಫೋರ್ಟ್ ಯೂಕಾನ್‌ನಲ್ಲಿ 1915ರ ಜೂನ್‌ನಲ್ಲಿ ಕಂಡದ್ದು. ಒಂದೇ ನದಿಸೀಮೆ, ನಡುವೆ ನೂರು ಡಿಗ್ರಿ ಅಂತರ! ನಮ್ಮ ರಾಯಚೂರಿನವರು ಬಿಸಿಲಿಗೆ ಹೆದರುವವರಲ್ಲ, ಆದರೆ ಅದೇ ಊರಲ್ಲಿ ಆರು ತಿಂಗಳು ನದಿ ಕಲ್ಲಾಗಿ ಮಲಗಿದ್ದರೆ ಹೇಗಿರುತ್ತದೆ ಅಂತ ಯೋಚಿಸಿ.

ಈ ಸೀಮೆಯಲ್ಲಿ ಹಲವು ಕಡೆ ನೆಲದಡಿಯ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಪರ್ಮಾಫ್ರಾಸ್ಟ್ ಅನ್ನುವುದು ಇದನ್ನೇ. ಬೇಸಿಗೆಯಲ್ಲಿ ಮೇಲಿನ ಪದರ ಕರಗುತ್ತದೆ, ನೀರು ಕೆಳಗೆ ಇಂಗಲು ದಾರಿ ಇಲ್ಲ. ಅದಕ್ಕೇ ಮಳೆ ಕಡಿಮೆಯಾದರೂ ಎಲ್ಲಿ ನೋಡಿದರೂ ಕೆರೆ, ಜೌಗು, ಸೊಳ್ಳೆ. ಫೋರ್ಟ್ ಯೂಕಾನ್ ಸುತ್ತಲಿನ ಯೂಕಾನ್ ಫ್ಲಾಟ್ಸ್ ಬಯಲಿನಲ್ಲಿ ಸಣ್ಣವು ದೊಡ್ಡವು ಸೇರಿ ಸುಮಾರು 40 ಸಾವಿರ ಕೆರೆಗಳಿವೆ. ಹತ್ತು ಲಕ್ಷಕ್ಕೂ ಜಾಸ್ತಿ ಬಾತುಕೋಳಿಗಳು ಮರಿ ಮಾಡಲು ಬೇಸಿಗೆಯಲ್ಲಿ ಅಲ್ಲಿಗೆ ಬರುತ್ತವೆ.

ಆ ಬಯಲು ಇವತ್ತು ಇರುವುದೇ ಒಂದು ಪುಣ್ಯ. ಐವತ್ತು, ಅರವತ್ತರ ದಶಕದಲ್ಲಿ ಅಲ್ಲೊಂದು ಅಣೆಕಟ್ಟು ಕಟ್ಟುವ ಯೋಜನೆ ಇತ್ತು, ರಾಂಪಾರ್ಟ್ ಅಂತ. ಅದಾಗಿದ್ದರೆ ಮುಳುಗುತ್ತಿದ್ದ ಜಾಗ ಸುಮಾರು 27 ಸಾವಿರ ಚದರ ಕಿಲೋಮೀಟರ್. ಲಿಂಗನಮಕ್ಕಿಯ ಹಿನ್ನೀರು ನೋಡಿಯೇ ನಾವು ಇಷ್ಟೊಂದು ಊರು ಮುಳುಗಿತಲ್ಲ ಅಂತ ಇವತ್ತಿಗೂ ಮರುಗುತ್ತೇವೆ. ಇದು ಕರ್ನಾಟಕದ ಏಳನೇ ಒಂದು ಪಾಲು! ವಿದ್ಯುತ್ ಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಇರಲಿಲ್ಲ. ದಡದ ಬುಡಕಟ್ಟಿನವರೂ ವನ್ಯಜೀವಿ ಇಲಾಖೆಯೂ ವಿರೋಧಿಸಿದರು. 1967ರಲ್ಲಿ ಯೋಜನೆ ಮೂಲೆಗೆ ಬಿತ್ತು, 1980ರಲ್ಲಿ ಆ ಬಯಲು ವನ್ಯಜೀವಿ ರಕ್ಷಿತ ಪ್ರದೇಶವಾಯಿತು. ಮೀನಿನ ದಾರಿ ಅಷ್ಟರ ಮಟ್ಟಿಗೆ ತೆರೆದೇ ಉಳಿಯಿತು.

ಪೂರ್ತಿ ತೆರೆದಿಲ್ಲ. ಮೇಲ್ಗಡೆ, ಕೆನಡಾದ ವೈಟ್‌ಹಾರ್ಸ್ ಪಟ್ಟಣದಲ್ಲಿ 1958ರಲ್ಲಿ ಕಟ್ಟಿದ ಒಂದು ಅಣೆಕಟ್ಟು ಇದೆ. ಮರುವರ್ಷ ಮೀನು ಹತ್ತಿ ಹೋಗಲಿ ಅಂತ ಅದಕ್ಕೆ ಮರದ ಏಣಿ ಕಟ್ಟಿದರು. 366 ಮೀಟರ್ ಉದ್ದ, ಮರದಲ್ಲಿ ಕಟ್ಟಿದ್ದರಲ್ಲಿ ಜಗತ್ತಿಗೇ ಉದ್ದದ ಮೀನೇಣಿ. ಅಲ್ಲಿ ಗಾಜಿನ ಕಿಟಕಿ ಇದೆ, ಹತ್ತುವ ಒಂದೊಂದು ಚಿನೂಕನ್ನೂ ಎಣಿಸುತ್ತಾರೆ. ಒಳ್ಳೆಯ ವರ್ಷಗಳಲ್ಲಿ ಸಾವಿರದ ಮೇಲೆ ಹೋಗುತ್ತಿತ್ತು. 2022ರಲ್ಲೂ 2023ರಲ್ಲೂ ಇನ್ನೂರು ದಾಟಲಿಲ್ಲ.

ಈ ಮೀನೇಣಿಯ ಹತ್ತಿರ ಬರುವ ಹೊತ್ತಿಗೆ ಚಿನೂಕ್ ಸಮುದ್ರ ಬಿಟ್ಟು 2,800 ಕಿಲೋಮೀಟರಿನ ಆಸುಪಾಸು ಈಜಿರುತ್ತದೆ, ಅದೂ ಹರಿವಿಗೆ ಎದುರಾಗಿ. ಸಾಲ್ಮನ್‌ಗಳಲ್ಲಿ ಇದಕ್ಕಿಂತ ಉದ್ದದ ನದಿಯಾತ್ರೆ ಬೇರೆಲ್ಲೂ ಇಲ್ಲ. ನದಿಗೆ ಕಾಲಿಟ್ಟ ದಿನದಿಂದ ಅದು ಏನೂ ತಿನ್ನುವುದಿಲ್ಲ. ಎರಡು ತಿಂಗಳ ಪ್ರಯಾಣವೆಲ್ಲ ಮೈಯ ಕೊಬ್ಬಿನ ಮೇಲೆ. ಅದಕ್ಕೇ ಯೂಕಾನ್ ಚಿನೂಕ್ ಅಂದರೆ ಬೇರೆ ನದಿಗಳ ಮೀನಿಗಿಂತ ಕೊಬ್ಬು ಜಾಸ್ತಿ, ರುಚಿ ಜಾಸ್ತಿ, ಬೆಲೆಯೂ ಜಾಸ್ತಿ. ಹುಟ್ಟಿದ ತೊರೆಗೇ ಹುಡುಕಿಕೊಂಡು ಹೋಗಿ, ಜಲ್ಲಿಯಲ್ಲಿ ಮೊಟ್ಟೆ ಇಟ್ಟು, ಅಲ್ಲೇ ಸಾಯುತ್ತದೆ.

ಸತ್ತ ಮೇಲೂ ಅದರ ಕೆಲಸ ಮುಗಿಯುವುದಿಲ್ಲ. ಸಮುದ್ರದಲ್ಲಿ ತಿಂದು ಬೆಳೆದ ಮೈಯನ್ನು ಒಂದು ಬಡ ನೆಲಕ್ಕೆ ಗೊಬ್ಬರವಾಗಿ ಹೊತ್ತು ತಂದಿರುತ್ತದೆ. ಕರಡಿ, ತೋಳ, ಹದ್ದು, ನೀರುನಾಯಿ ತಿಂದದ್ದು ತಿಂದು, ಉಳಿದದ್ದು ದಡದ ಮರಗಳಿಗೆ. ಪೋರ್ಕ್ಯುಪೈನ್ ಎಂಬ ಉಪನದಿಯ ಮೇಲ್ಭಾಗದಲ್ಲಿ ಫಿಶಿಂಗ್ ಬ್ರಾಂಚ್ ಅಂತ ಒಂದು ತೊರೆ ಇದೆ. ನೆಲದಡಿಯಿಂದ ಉಕ್ಕುವ ನೀರಿನಿಂದಾಗಿ ಅದು ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ಚಮ್ ಸಾಲ್ಮನ್ ಎಂಬ ಇನ್ನೊಂದು ಜಾತಿಯ ಮೀನು ಅಕ್ಟೋಬರ್ ಹೊತ್ತಿಗೆ ಅಲ್ಲಿಗೆ ಬರುತ್ತದೆ. ಬೇರೆಡೆಯ ಕರಡಿಗಳು ಗುಹೆ ಸೇರುವ ಕಾಲದಲ್ಲಿ ಅಲ್ಲಿನ ಗ್ರಿಜ್ಲಿಗಳು ಇನ್ನೂ ನೀರಲ್ಲಿ ಮೀನು ಹಿಡಿಯುತ್ತಿರುತ್ತವೆ. ಒದ್ದೆ ತುಪ್ಪಳದ ಮೇಲೆ ನೀರು ಹೆಪ್ಪುಗಟ್ಟಿ, ಕರಡಿ ನಡೆದರೆ ಮೈಮೇಲಿನ ಮಂಜಿನ ಗೊಂಚಲುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವಂತೆ. ಇಷ್ಟೆಲ್ಲ ನಿಂತಿರುವುದು ಮೀನು ಬರುತ್ತದೆ ಎಂಬ ಒಂದೇ ಖಾತ್ರಿಯ ಮೇಲೆ.

ಮೀನು ಬರುವುದೇ ನಿಲ್ಲುತ್ತಾ ಬಂತು. ಎಂಬತ್ತು, ತೊಂಬತ್ತರ ದಶಕದಲ್ಲಿ ಕೆನಡಾ ಮೂಲದ ಚಿನೂಕ್ ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ಮರಳುತ್ತಿದ್ದವು. ಗಡಿಯ ಹತ್ತಿರದ ಈಗಲ್ ಎಂಬ ಊರಲ್ಲಿ ಸೋನಾರ್ ಯಂತ್ರ ಇಟ್ಟು ದಾಟುವ ಮೀನು ಎಣಿಸುತ್ತಾರೆ. 2022ರಲ್ಲಿ ದಾಟಿದ್ದು ಸುಮಾರು 12 ಸಾವಿರ. 2024ರಲ್ಲಿ ಸುಮಾರು 24 ಸಾವಿರ. ಹೊಸ ಒಪ್ಪಂದದ ಗುರಿ 71 ಸಾವಿರ. ಮೊದಲು ಚಿನೂಕ್ ಕಡಿಮೆಯಾದಾಗ ಜನ ಚಮ್ ಮೀನಿನ ಮೇಲೆ ದಿನ ದೂಡುತ್ತಿದ್ದರು. ಅವರಿಗೂ ಅವರ ನಾಯಿಗಳಿಗೂ ಅದೇ ಆಸರೆ. ಚಮ್‌ಗೆ ಅಲ್ಲಿ ನಾಯಿ ಸಾಲ್ಮನ್ ಅಂತಲೇ ಅಡ್ಡಹೆಸರು. 2021ರಲ್ಲಿ ಅದೂ ಕೈಕೊಟ್ಟಿತು. ಬೇಸಿಗೆಯ ಚಮ್ ಸಾಮಾನ್ಯವಾಗಿ 15–20 ಲಕ್ಷ ಬರುವ ನದಿಗೆ ಆ ವರ್ಷ ಬಂದದ್ದು ಒಂದೂವರೆ ಲಕ್ಷದಷ್ಟು. ನದಿ ಪೂರ್ತಿ ಬಂದ್ ಆಯಿತು. ಬೇರೆ ಕಡೆಯಲ್ಲಿ ಹಿಡಿದ ಸಾಲ್ಮನನ್ನು ವಿಮಾನದಲ್ಲಿ ತಂದು ಯೂಕಾನ್ ದಡದ ಹಳ್ಳಿಗಳಿಗೆ ಹಂಚಿದರು.

ಆ ದಾನದ ಮೀನಿನಲ್ಲೇ ಒಂದು ಒಗಟಿದೆ. ಅದರಲ್ಲಿ ಬಹಳಷ್ಟು ಬಂದದ್ದು ಬ್ರಿಸ್ಟಲ್ ಬೇಯಿಂದ. ಅದು ಯೂಕಾನ್ ಮುಖದ ದಕ್ಷಿಣಕ್ಕೆ, ಅದೇ ಬೇರಿಂಗ್ ಸಮುದ್ರದ ಕೊಲ್ಲಿ. 2022ರಲ್ಲಿ ಅಲ್ಲಿಗೆ ಮರಳಿದ ಸಾಕ್‌ಐ ಸಾಲ್ಮನ್ ಸುಮಾರು 7.9 ಕೋಟಿ, ಹಿಂದೆಂದೂ ಕಾಣದ ದಾಖಲೆ. ಒಂದೇ ಸಮುದ್ರ, ಅದೇ ಬಿಸಿಯೇರಿದ ವರ್ಷಗಳು. ಒಂದು ಕಡೆ ಹಬ್ಬ, ಇನ್ನೊಂದು ಕಡೆ ಸೂತಕ. ಯಾಕೆ?

ಸಾಕ್‌ಐ ಮರಿಗಳು ಮೊದಲ ಒಂದೆರಡು ವರ್ಷ ಕೆರೆಗಳಲ್ಲಿ ಬೆಳೆಯುತ್ತವೆ. ಕೆರೆ ಸ್ವಲ್ಪ ಬೆಚ್ಚಗಾದರೆ ಅಲ್ಲಿ ಮೇವು ಜಾಸ್ತಿ, ಮರಿ ದಪ್ಪಗಾಗಿ ಕಡಲಿಗೆ ಇಳಿಯುತ್ತದೆ. ಊರು ಸೇರುವ ದಾರಿಯೂ ಚಿಕ್ಕದು. ಚಮ್ ಹಾಗಲ್ಲ. ಮೊಟ್ಟೆಯಿಂದ ಹೊರಬಂದ ಬೇಸಿಗೆಯಲ್ಲೇ ಅದು ಸಮುದ್ರಕ್ಕೆ ಹೊರಡುತ್ತದೆ. 2014ರಿಂದ 2019ರ ನಡುವೆ ಬೇರಿಂಗ್ ಸಮುದ್ರ ಮತ್ತೆ ಮತ್ತೆ ಕಾದಿತ್ತು, ಚಳಿಗಾಲದ ಮಂಜುಗಡ್ಡೆ ತೀರಾ ಕಡಿಮೆಯಾಗಿತ್ತು. ಕೊಬ್ಬು ತುಂಬಿದ ಸಣ್ಣ ಜೀವಿಗಳು ಸಿಗದೆ ಚಮ್ ಮರಿಗಳು ಅಂಬಲಿಮೀನಿನಂಥ (ಜೆಲ್ಲಿಫಿಶ್) ಸಪ್ಪೆ ತಿನಿಸು ತಿಂದು ಹೊಟ್ಟೆ ತುಂಬಿಸಿಕೊಂಡವು. ಮೈಯಲ್ಲಿ ಕೊಬ್ಬಿಲ್ಲದೆ ಮೊದಲ ಚಳಿಗಾಲ ದಾಟಲಾಗಲಿಲ್ಲ ಅನ್ನುವುದು ವಿಜ್ಞಾನಿಗಳ ಓದು.

ಚಿನೂಕ್‌ನ ಕಷ್ಟ ನದಿಯ ಒಳಗೂ ಇದೆ. ನೀರು 18 ಡಿಗ್ರಿ ದಾಟಿದರೆ ಅದಕ್ಕೆ ಬಿಸಿಯ ಬಾಧೆ ಶುರು. ಹೊಟ್ಟೆಗಿಲ್ಲದೆ ಮೂರು ಸಾವಿರ ಕಿಲೋಮೀಟರ್ ಈಜುವ ಮೀನಿಗೆ ಒಂದೆರಡು ಡಿಗ್ರಿ ಅಂದರೆ ಸುಮ್ನೆ ಮಾತಲ್ಲ, ಬೇಗ ಬೇಗ ಕೊಬ್ಬು ಕರಗುತ್ತದೆ. 2019ರ ಬೇಸಿಗೆಯಲ್ಲಿ ಕೊಯುಕುಕ್ ಎಂಬ ಉಪನದಿಯಲ್ಲಿ ಮೊಟ್ಟೆ ಇಡುವ ಮೊದಲೇ ಸತ್ತ ಚಮ್‌ಗಳು ತೇಲಿ ಬಂದವು, ಹೊಟ್ಟೆಯೊಳಗೆ ಮೊಟ್ಟೆ ಹಾಗೇ ಇತ್ತು. ಅದರ ಜೊತೆಗೆ ಇಕ್ತಿಯೋಫೋನಸ್ ಎಂಬ ಪರಾವಲಂಬಿ ಚಿನೂಕ್‌ನ ಗುಂಡಿಗೆಗೆ ಸೇರುತ್ತದೆ. ಸಮುದ್ರದಲ್ಲಿ ಅಂಟಿದ ರೋಗ ದಾರಿ ನಡುವೆ ಕೊಲ್ಲುತ್ತದೆ. ಇನ್ನೊಂದು ಸಂಗತಿ, ಮೀನೇ ಚಿಕ್ಕದಾಗಿದೆ. ಹಿಂದೆ ಏಳು ಎಂಟು ವರ್ಷದ ಭಾರಿ ಹೆಣ್ಣುಗಳು ಬರುತ್ತಿದ್ದವು. ಈಗ ಬರುವವು ಎಳೆಯವು, ಸಣ್ಣವು, ಮೊಟ್ಟೆಯೂ ಕಡಿಮೆ. ಸೋನಾರ್‌ಗೆ ಎರಡೂ ಒಂದೊಂದೇ ಲೆಕ್ಕ. ಜಲ್ಲಿಗೆ ಬೀಳುವ ಮೊಟ್ಟೆಯ ಲೆಕ್ಕದಲ್ಲಿ ಎರಡೂ ಒಂದಲ್ಲ.

ಇನ್ನು ಜಗಳದ ಮಾತು. ಬೇರಿಂಗ್ ಸಮುದ್ರದಲ್ಲಿ ಪೊಲಾಕ್ ಎಂಬ ಬಿಳಿ ಮೀನಿಗಾಗಿ ದೊಡ್ಡ ಟ್ರಾಲರ್ ಹಡಗುಗಳು ಓಡಾಡುತ್ತವೆ. ವರ್ಷಕ್ಕೆ ಹತ್ತು ಲಕ್ಷ ಟನ್‌ಗೂ ಜಾಸ್ತಿ ಹಿಡಿಯುತ್ತಾರೆ. ಅಮೆರಿಕದಲ್ಲಿರುವ ನಮ್ಮವರು ಬರ್ಗರ್ ಅಂಗಡಿಯಲ್ಲಿ ಮೀನಿನ ಬರ್ಗರ್ ಕೇಳಿದರೆ ಬನ್ನಿನ ನಡುವೆ ಇರುವುದು ಬಹಳ ಸಲ ಇದೇ ಪೊಲಾಕ್. ಆ ಬಲೆಗೆ ಸಾಲ್ಮನ್ ಕೂಡ ಬೀಳುತ್ತದೆ. 2007ರಲ್ಲಿ 1.2 ಲಕ್ಷ ಚಿನೂಕ್ ಹೀಗೆ ಬಿದ್ದವು. ಗಲಾಟೆಯಾಗಿ 2011ರಿಂದ ಅದಕ್ಕೆ ಮಿತಿ ಬಂತು, ಸಂಖ್ಯೆ ಇಳಿಯಿತು. ಚಮ್‌ಗೆ ಅಂಥ ಗಟ್ಟಿ ಮಿತಿ ವರ್ಷಗಟ್ಟಲೆ ಬರಲಿಲ್ಲ. ಯೂಕಾನ್ ಪೂರ್ತಿ ಬಂದ್ ಆದ 2021ರಲ್ಲೇ ಟ್ರಾಲರ್ ಬಲೆಗಳಿಗೆ 5 ಲಕ್ಷಕ್ಕೂ ಜಾಸ್ತಿ ಚಮ್ ಬಿದ್ದಿತ್ತು. ಅಲಾಸ್ಕಾ ಪರ್ಯಾಯ ದ್ವೀಪದ ದಕ್ಷಿಣದ ಏರಿಯಾ ಎಂ ಎಂಬ ಕಡಲ ಪಟ್ಟಿಯಲ್ಲಿ ಅದೇ ವರ್ಷ ದೋಣಿಗಳು 10 ಲಕ್ಷಕ್ಕೂ ಜಾಸ್ತಿ ಚಮ್ ಹಿಡಿದು ಮಾರಿದವು.

ಹಳ್ಳಿಯವರ ಸಿಟ್ಟು ಅರ್ಥವಾಗುತ್ತದೆ. ಅಲಾಸ್ಕಾದ ಕಾನೂನಿನಲ್ಲಿ ಮೊದಲ ಹಕ್ಕು ಹೊಟ್ಟೆಗಾಗಿ ಹಿಡಿಯುವವರದ್ದು, ವ್ಯಾಪಾರದ್ದು ಆಮೇಲೆ. ನಡೆದದ್ದು ಅದರ ತಿರುವುಮುರುವು. ನದಿಗೆ ಒಂದು ಇಲಾಖೆ, ಮೂರು ಮೈಲಿಯಾಚೆಗಿನ ಕಡಲಿಗೆ ಇನ್ನೊಂದು ಆಡಳಿತ, ಇನ್ನೊಂದು ಕಾನೂನು. ಮೀನಿಗೆ ಈ ಗಡಿ ಗೊತ್ತಿಲ್ಲ.

ಆದರೂ ಟ್ರಾಲರ್ ನಿಲ್ಲಿಸಿದರೆ ಮೀನು ವಾಪಸ್ ಬರುತ್ತದೆ ಅನ್ನುವುದನ್ನು ನಾನು ಒಪ್ಪಲಾರೆ. ಬಲೆಗೆ ಬಿದ್ದ ಚಮ್‌ಗಳ ವಂಶವಾಹಿ ಪರೀಕ್ಷೆ ಮಾಡಿದಾಗ ಅರ್ಧಕ್ಕಿಂತ ಜಾಸ್ತಿ ಏಷ್ಯಾ ಕಡೆಯವು ಅಂತ ಗೊತ್ತಾಯಿತು. ಪಶ್ಚಿಮ ಅಲಾಸ್ಕಾದ ನದಿಗಳವು ಸುಮಾರು ಹತ್ತನೇ ಒಂದು ಪಾಲು. 15–20 ಲಕ್ಷದಿಂದ ಒಂದೂವರೆ ಲಕ್ಷಕ್ಕೆ ಕುಸಿದದ್ದನ್ನು ಇಷ್ಟರಿಂದಲೇ ವಿವರಿಸಲು ಆಗುವುದಿಲ್ಲ. ಆ ಏಷ್ಯಾದ ಮೀನು ಎಲ್ಲಿಂದ ಬಂತು ಅನ್ನುವುದೂ ಕೇಳಬೇಕಾದ ಪ್ರಶ್ನೆ. ಜಪಾನ್, ರಷ್ಯಾ, ಮತ್ತೆ ಅಲಾಸ್ಕಾವೂ ಸೇರಿ ಮರಿ ಕೇಂದ್ರಗಳಿಂದ ವರ್ಷಕ್ಕೆ ಸುಮಾರು 500 ಕೋಟಿ ಸಾಲ್ಮನ್ ಮರಿಗಳನ್ನು ಉತ್ತರ ಪೆಸಿಫಿಕ್‌ಗೆ ಬಿಡುತ್ತಾರೆ. ಮೇವು ಕಡಿಮೆಯಾದ ಕಡಲಲ್ಲಿ ಇಷ್ಟು ಬಾಯಿಗಳು! ಟ್ರಾಲರ್ ಬಗ್ಗೆ ಕೂಗುವಷ್ಟು ಇದರ ಬಗ್ಗೆ ಯಾರೂ ಕೂಗುವುದಿಲ್ಲ.

ಹಾಗಾದರೆ ಟ್ರಾಲರ್‌ಗಳನ್ನು ಬಿಟ್ಟುಬಿಡೋಣವೇ? ಅದೂ ಅಲ್ಲ. ಕಾದ ಸಮುದ್ರವನ್ನು ಒಪ್ಪಂದದಿಂದ ತಣ್ಣಗೆ ಮಾಡಲಾಗುವುದಿಲ್ಲ. ಮನುಷ್ಯನ ಕೈಯಲ್ಲಿ ಇರುವುದು ಹಿಡಿಯುವುದು, ಬಿಡುವುದು ಮಾತ್ರ. ಆ ಭಾರವನ್ನು ಹಂಚುವಾಗ ಹೊಟ್ಟೆಗೆ ಹಿಡಿಯುವವನಿಗೆ ನೂರಕ್ಕೆ ನೂರು, ಉಳಿದವರಿಗೆ ಮಿತಿಯ ಬಗ್ಗೆ ಇನ್ನೊಂದು ಸುತ್ತಿನ ಸಭೆ. ನನ್ನ ತಕರಾರು ಇರುವುದು ಇಲ್ಲಿ. 12 ಸಾವಿರ ಮೀನು ಉಳಿದ ನದಿಯಲ್ಲಿ ನಿಷೇಧ ಬೇಕೇ ಇತ್ತು. ಆದರೆ ಅದು ನದಿಗೆ ಮಾತ್ರ ಬಂತು.

ನೀರಿನ ಕಥೆಯೂ ಒಪ್ಪಂದದ ಕೈಗೆ ಸಿಗುವಂಥದ್ದಲ್ಲ. 2016ರಲ್ಲಿ ಕಾಸ್ಕಾವುಲ್ಶ್ ಎಂಬ ಹಿಮನದಿ ಎಷ್ಟು ಹಿಂದೆ ಸರಿಯಿತೆಂದರೆ, ಅದರ ಕರಗಿದ ನೀರು ಕೆಲವೇ ದಿನಗಳಲ್ಲಿ ದಾರಿ ಬದಲಿಸಿತು. ಅಲ್ಲಿಯವರೆಗೆ ಸ್ಲಿಮ್ಸ್ ನದಿಯಾಗಿ ಕ್ಲುವಾನೆ ಕೆರೆಗೆ, ಅಲ್ಲಿಂದ ಯೂಕಾನ್‌ಗೆ ಹೋಗುತ್ತಿದ್ದ ನೀರು ಬೇರೆ ಕಣಿವೆ ಹಿಡಿದು ಅಲಾಸ್ಕಾ ಕೊಲ್ಲಿಗೆ ಇಳಿಯಿತು. ಸ್ಲಿಮ್ಸ್‌ನ ಪಾತ್ರದಲ್ಲಿ ಧೂಳು ಏಳತೊಡಗಿತು, ಕೆರೆಯ ಮಟ್ಟ ಇಳಿಯಿತು. ಇಡೀ ಯೂಕಾನ್‌ಗೆ ಅದು ದೊಡ್ಡ ನಷ್ಟ ಅಲ್ಲ, ಆದರೆ ಒಂದು ನದಿ ಇನ್ನೊಂದರ ನೀರನ್ನು ಕದಿಯುವುದನ್ನು ನಮ್ಮ ಕಾಲದವರು ಕಣ್ಣಾರೆ ಕಂಡಂತಾಯಿತು.

ಚಿನ್ನದ ಹಳೇ ಗಾಯವೂ ಇದೆ. 1896ರಲ್ಲಿ ಕ್ಲಾಂಡೈಕ್ ಉಪನದಿಯ ಬಳಿ ಚಿನ್ನ ಸಿಕ್ಕಿದ ಮೇಲೆ ಸಾವಿರಾರು ಜನ ಅಲ್ಲಿಗೆ ನುಗ್ಗಿದರು. ಇವತ್ತಿಗೂ ಗಣಿ ನಿಂತಿಲ್ಲ. ಮೀನಿನ ಒಪ್ಪಂದಕ್ಕೆ ಸಹಿಬಿದ್ದು ಮೂರು ತಿಂಗಳೂ ಆಗಿರಲಿಲ್ಲ, 2024ರ ಜೂನ್ 24ರಂದು ಕೆನಡಾದ ಮೇಯೋ ಊರಿನ ಹತ್ತಿರದ ಈಗಲ್ ಚಿನ್ನದ ಗಣಿಯಲ್ಲಿ (ಸೋನಾರ್ ಇರುವ ಈಗಲ್ ಊರು ಬೇರೆ) ಅದಿರಿನ ರಾಶಿ ಕುಸಿಯಿತು. ರಾಶಿಯ ಮೇಲೆ ಸೈನೈಡ್ ನೀರು ಹಾಯಿಸಿ ಚಿನ್ನ ತೆಗೆಯುವ ಜಾಗ ಅದು. ಲಕ್ಷಾಂತರ ಟನ್ ಅದಿರು ಜಾರಿತು, ಸೈನೈಡ್ ಬೆರೆತ ನೀರು ಹೊರಗೆ ಹರಿಯಿತು. ಕೆಳಗಿನ ಹ್ಯಾಗರ್ಟ್ ತೊರೆಯ ನೀರು ಕೊನೆಗೆ ಸೇರುವುದು ಯೂಕಾನನ್ನೇ. ಕೆಜಿಎಫ್‌ನ ಸೈನೈಡ್ ದಿಬ್ಬಗಳ ಧೂಳು ಕುಡಿದವರಿಗೆ, ಗಣಿ ಮುಚ್ಚಿದ ಮೇಲೂ ಅದರ ರಾಶಿ ಎಷ್ಟು ಕಾಲ ಊರಲ್ಲೇ ಉಳಿಯುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಬಲೆ ಹಾಕಿದರೆ ದಂಡ ಬೀಳುವ ನದಿಸೀಮೆಯಲ್ಲಿ ಇಂಥ ರಾಶಿಗೆ ಪರವಾನಗಿ ಸಿಕ್ಕಿತ್ತು ಅನ್ನುವುದನ್ನು ಅಲ್ಲಿನ ಮೂಲನಿವಾಸಿಗಳು ಮರೆಯುವುದಿಲ್ಲ.

ಅವರ ಮೀನಿನ ಬೀಡುಗಳು ಈಗ ಖಾಲಿ. ಬೇಸಿಗೆ ಬಂದರೆ ಇಡೀ ಮನೆಮಂದಿ ದಡಕ್ಕೆ ಹೋಗಿ ತಿಂಗಳುಗಟ್ಟಲೆ ಇರುತ್ತಿದ್ದರು. ಹರಿವಿನ ಬಲದಿಂದಲೇ ತಿರುಗಿ ಬುಟ್ಟಿಯಲ್ಲಿ ಮೀನು ಎತ್ತುವ ಚಕ್ರ, ಉದ್ದುದ್ದ ಸೀಳಿ ನೇತುಹಾಕುವ ಕಂಬ, ಹೊಗೆ ಹಾಕುವ ಗುಡಿಸಲು. ಸೀಳುವ ಅಗಲ ಎಷ್ಟಿರಬೇಕು, ಯಾವ ಕಟ್ಟಿಗೆಯ ಹೊಗೆ, ಮಳೆ ಬಂದರೆ ಏನು ಮಾಡಬೇಕು ಅನ್ನುವುದು ಅಜ್ಜಿಯ ಪಕ್ಕ ಕೂತು ಕಲಿಯುವ ವಿದ್ಯೆ. ಹಪ್ಪಳ ಸಂಡಿಗೆಯ ಹದ ಪುಸ್ತಕದಿಂದ ಬರುವುದಿಲ್ಲ, ಅಲ್ವಾ? 2024ರಲ್ಲಿ ಐದು ವರ್ಷದ ಮಗು ನಿಷೇಧ ಮುಗಿಯುವ ಹೊತ್ತಿಗೆ ಹನ್ನೆರಡರ ಹತ್ತಿರ. ಜನ ಪೈಕ್, ಬಿಳಿಮೀನು ಹಿಡಿಯುತ್ತಾರೆ, ಮೂಸ್ ಎಂಬ ದೊಡ್ಡ ಜಿಂಕೆಯ ಬೇಟೆ ಜಾಸ್ತಿ ಆಡುತ್ತಾರೆ. ಹೊಟ್ಟೆ ಒಂದಿಷ್ಟು ತುಂಬುತ್ತದೆ. ಮೀನು ಸೀಳುವ ಕೈ ಮಾತ್ರ ಪಳಗುವುದಿಲ್ಲ.

ನಿಷೇಧದ ಮೊದಲ ಬೇಸಿಗೆಯಲ್ಲಿ ಗಡಿ ದಾಟಿದ ಆ 24 ಸಾವಿರ ಚಿನೂಕ್‌ಗಳು 2024ರ ಆಗಸ್ಟ್ ಆಸುಪಾಸಿನಲ್ಲಿ ಜಲ್ಲಿಯಲ್ಲಿ ಮೊಟ್ಟೆ ಇಟ್ಟವು. ಮಂಜಿನಡಿ ಚಳಿಗಾಲ ಕಳೆದು 2025ರ ವಸಂತದಲ್ಲಿ ಮರಿಯಾಗಿ, ಒಂದು ವರ್ಷ ತೊರೆಯಲ್ಲೇ ಬೆಳೆದು, 2026ರಲ್ಲಿ ಅವು ಬೇರಿಂಗ್ ಸಮುದ್ರದ ದಾರಿ ಹಿಡಿಯುವವು. ಮುಂದಿನ ಮೂರು ನಾಲ್ಕು ವರ್ಷ ಅವುಗಳ ಮನೆ ಕಡಲು. ಒಪ್ಪಂದದ ಕಾಗದ ಆ ನೀರಿಗೆ ಅನ್ವಯಿಸುವುದಿಲ್ಲ.